ಇಡೀ ಮುಖ

ಶುಭಾಂಗಿಯ ಹತ್ತಿರ ಪ್ರೊಜೆಕ್ಟರ್ ಇರಲಿಲ್ಲ. ಅಪ್ಪ ಇದ್ದ.

ಗೋಡೆಗೆ ಚಿತ್ರ ಬರೆಯುವ ಬೇರೆ ಕಲಾವಿದರು ಸಣ್ಣ ಚಿತ್ರವನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚೆಲ್ಲಿ, ಗೆರೆ ಎಳೆದುಕೊಂಡು ಬಣ್ಣ ತುಂಬುತ್ತಾರೆ. ಶುಭಾಂಗಿ ಸುಣ್ಣದ ದಾರ ಹಿಡಿದು ಗೋಡೆಗೆ ಚೌಕ ಹಾಕುತ್ತಿದ್ದಳು. ಮೊದಲ ಕೈ ಬಣ್ಣ ಬಿದ್ದೊಡನೆ ಚೌಕಗಳು ಮುಚ್ಚಿಹೋಗುತ್ತಿದ್ದವು. ಅಲ್ಲಿಂದ ಮುಂದೆ ಅಪ್ಪ ಅಂಬಾದಾಸನ ಕಣ್ಣೇ ಗತಿ. ಅವಳು ಬಿದಿರಿನ ಅಟ್ಟದ ಮೇಲೆ, ಅವನು ರಸ್ತೆಯ ಆಚೆ, ನಡುವೆ ಫೋನು. ಎಡಕ್ಕೆ, ಮೇಲಕ್ಕೆ, ಸಾಕು ಎಂದು ಅವನು ಹೇಳುತ್ತಿದ್ದ. ಗೋಡೆಗೆ ಮೂಗು ತಾಗಿಸಿ ನಿಂತವಳಿಗೆ ತುಟಿಯೊಂದು ಹೊಲದ ಬದುವಿನಂತೆ ಕಾಣುತ್ತದೆ. ಅದು ತುಟಿಯೋ ಬದುವೋ ಎಂದು ದೂರ ನಿಂತವನೇ ಹೇಳಬೇಕು.

ಅಂಬಾದಾಸ ಸೋಲಾಪುರದ ಚಾದರ ಕಾರ್ಖಾನೆಯಲ್ಲಿ ಚೆಕ್ಕರ್ ಆಗಿದ್ದವನು. ನೇಯ್ದ ಚಾದರವನ್ನು ಮೇಜಿನ ಮೇಲೆ ಎಳೆದುಕೊಂಡು, ಗೇಣು ಗೇಣು ನೋಡಿ, ತಪ್ಪಿದ ಎಳೆ ಹಿಡಿಯುವ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ ತಮ್ಮೂರು ವಳಸಂಗದಲ್ಲಿ ಮಗಳ ಜೊತೆ ಗೋಡೆ ಕೆಲಸಕ್ಕೆಂದು ಬಸ್ಸು ಹತ್ತತೊಡಗಿದ. ಇತ್ತೀಚೆಗೆ ಬಸ್ಸಿನ ಕಂಬಿಗೆ ಹಣೆ ಬಡಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿಟ್ಟ ಚಹಾ ಚೆಲ್ಲುತ್ತಿದ್ದ. ಹೆಂಡತಿ ಬೈದು ನೆಲ ಒರೆಸುತ್ತಿದ್ದಳು.

ಅಕ್ಕಲಕೋಟದ ಒಂದು ಶಾಲೆಯ ಗೋಡೆ ಶುಭಾಂಗಿಗೆ ಸಿಕ್ಕ ಅತಿ ದೊಡ್ಡ ಗೋಡೆ, ಮೂರು ಮಾಳಿಗೆ ಎತ್ತರ. ಶಾಲೆ ಕಟ್ಟಿಸಿ ತೀರಿಕೊಂಡ ಲೀಲಾಬಾಯಿಯ ಮುಖ ಅಲ್ಲಿ ಬರಬೇಕೆಂದು ಮಗ ಅಣ್ಣಾರಾಯ ಹೇಳಿದ್ದ. ಕಣ್ಣಿನ ಪಾಪೆಯೇ ಹಿಟ್ಟು ನಾದುವ ಪರಾತದಷ್ಟು ಅಗಲ. ಅಷ್ಟು ದೊಡ್ಡದನ್ನು ಮಣಿಕಟ್ಟಿನಿಂದ ಬರೆಯಲು ಬರುವುದಿಲ್ಲ, ಭುಜ ಬೇಕು, ಸೊಂಟ ಬೇಕು. ಶುಭಾಂಗಿಗೆ ಅದು ಹಿಡಿಸಿತ್ತು. ಸಂಜೆ ತೋಳು ಎತ್ತಲಾಗದೆ ತಾಯಿಯ ಕೈಯಿಂದ ಉಣ್ಣುತ್ತಿದ್ದಳು.

ಅಟ್ಟ ಬಿಚ್ಚಿದ ದಿನ ಮುಖ ಪೂರ್ತಿಯಾಗಿ ಹೊರಬಿತ್ತು. ಬಲಗಣ್ಣಿಗಿಂತ ಎಡಗಣ್ಣು ಒಂದು ಮೊಳ ಕೆಳಗಿತ್ತು.

ಎದುರಿನ ಚಹಾದಂಗಡಿಯ ಬಂಡೆಪ್ಪ ಮೊದಲು ನಕ್ಕ. "ಬಾಯಿಸಾಹೇಬ್ರದು ಒಂದು ಕಣ್ಣು ಸೋಲಾಪುರ ಬಸ್ಸಿಗಿ, ಒಂದು ಗುಲ್ಬರ್ಗಾ ಬಸ್ಸಿಗಿ" ಎಂದ. ಬಸ್ಸಿನ ಕಿಟಕಿಗಳಿಂದ ಫೋನುಗಳು ಹೊರಬಂದವು. ಅಣ್ಣಾರಾಯ ಕೂಗಾಡಲಿಲ್ಲ. ತಿದ್ದಿಕೊಡುತ್ತೇನೆ ಎಂದು ಶುಭಾಂಗಿ ಕೇಳಿಕೊಂಡಾಗ, ತನ್ನ ತಾಯಿಯನ್ನು ಜನ ಇನ್ನೊಂದು ದಿನ ನೋಡಿ ನಗುವುದು ಬೇಡ ಎಂದಷ್ಟೇ ಹೇಳಿ ಸುಣ್ಣ ಬಳಿಯುವವರನ್ನು ಕರೆಸಿದ.

ಅವಳು ಅಪ್ಪನನ್ನು ಅಂಗಡಿಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ನಿನ್ನ ಇಲ್ಲಿ ಚಹಾ ಕುಡ್ಯಾಕ ನಿಲ್ಲಿಸಿದ್ನೇನು?"

"ಎರಡೂ ಕಣ್ಣು ನೋಡೀನಿ ಬಾಳಾ. ಈ ಕಣ್ಣೂ ಛಲೋ ಇತ್ತು, ಆ ಕಣ್ಣೂ ಛಲೋ ಇತ್ತು." ಮಗಳನ್ನು ಅವನು ಬಾಳಾ ಎಂದೇ ಕರೆಯುತ್ತಿದ್ದ.

"ಎರಡೂ ಕೂಡಿ ನೋಡಬೇಕಲ್ಲ?"

ಅಂಬಾದಾಸ ಕೇಳಿದ, "ಕೂಡಿ ಕಾಣ್ತಾವೇನು ಯಾರಿಗರೆ?"

ಅವನು ಹಾಸ್ಯ ಮಾಡುತ್ತಿರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಸೋಲಾಪುರದ ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಇದು ಮೋತಿಬಿಂದು, ಅಂದರೆ ಕಣ್ಣಿನ ಪೊರೆ ಅಲ್ಲ; ಕಾಚಬಿಂದು, ಅಂದರೆ ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಹೆಚ್ಚಿ ನೋಟ ಅಂಚಿನಿಂದ ಸಾಯುತ್ತ ಬರುತ್ತದೆ. ಈಗ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಉಳಿದಿದೆ. ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದು ಉಳಿಯಲಿ ಎಂದು ಹನಿ ಹಾಕಬೇಕು. ಗೇಣು ಗೇಣು ನೋಡುವ ರೂಢಿಯವನಿಗೆ ಏನು ಕಡಿಮೆಯಾಗಿದೆ ಎಂಬುದು ತಿಳಿದಿರಲೇ ಇಲ್ಲ.

ಹನಿ ಹಾಕಿದರೂ ಕೊಳವೆ ಸಣ್ಣದಾಗುತ್ತ ಹೋಯಿತು. ಒಂದು ಮಧ್ಯಾಹ್ನ ಶುಭಾಂಗಿ ಎದುರಿಗೆ ಊಟಕ್ಕೆ ಕುಳಿತಾಗ ಅಂಬಾದಾಸ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ನಿನ್ನ ಮೂಗಷ್ಟ ಕಾಣ್ತದ. ಬಾಯಿ ನೋಡಾಕ ಹೋದ್ರ ಕಣ್ಣು ಹೋಗ್ತಾವ. ದೂರ ನಿಂತ್ರ ಎಲ್ಲಾ ಮಬ್ಬು. ಇಡೀ ಶುಭಾಂಗಿನ್ನ ನೋಡಿ ಭಾಳ ದಿನ ಆತು."

ಅವಳು ಫೋನಿನಲ್ಲಿ ತನ್ನ ಫೋಟೋ ಕುಗ್ಗಿಸಿ ತೋರಿಸಿದಳು. ಫೋನಿನ ಬೆಳಕಿಗೆ ಅವನ ಕಣ್ಣಲ್ಲಿ ನೀರು ಬಂತು. ಫೋಟೋ ಕುಗ್ಗಿದರೆ ಎಲ್ಲವೂ ಸಮನಾಗಿ ಕುಗ್ಗುತ್ತದೆ, ಕೂದಲು, ಮೊಡವೆ, ಹಿಂದಿನ ಗೋಡೆಯ ಕ್ಯಾಲೆಂಡರು ಸಹ. ಚಿತ್ರದಲ್ಲಾದರೆ ಬೇಡವಾದದ್ದನ್ನು ಬಿಟ್ಟು ಬೇಕಾದದ್ದನ್ನು ಗಟ್ಟಿ ಮಾಡಬಹುದು. ಅವನಿಗೆ ಒಂದೇ ನೋಟಕ್ಕೆ ಸಿಗುವಂತೆ ತನ್ನ ಮುಖ ಬರೆಯಬೇಕೆಂದು ಅವಳು ಕುಳಿತಳು.

ಪೋಸ್ಟ್‌ಕಾರ್ಡಿನಷ್ಟು ಬರೆದಾಗ ಅವನಿಗೆ ಗದ್ದ ಕಾಣಲಿಲ್ಲ. ಇಸ್ಪೀಟಿನ ಎಲೆಯಷ್ಟಕ್ಕೆ ಇಳಿಸಿದಾಗ ಕಿವಿ ಹೊರಗುಳಿದವು. ಕಡ್ಡಿಪೆಟ್ಟಿಗೆಯಷ್ಟಕ್ಕೆ ಬಂದಾಗ ಅಂಬಾದಾಸ ಅದನ್ನು ಹೊಸ್ತಿಲ ಬೆಳಕಿಗೆ ಹಿಡಿದ. ಆಮೇಲೆ, "ಮೂಗು ನಿಮ್ಮವ್ವಂದು ಹಾಕೀದಿ. ಅಕಿಗಿ ಕೊಟ್ಟುಬಿಡು" ಎಂದ. ಅಡುಗೆಮನೆಯಿಂದ ಅವಳ ತಾಯಿ, ಇದ್ದ ಮೂಗನ್ನೇ ಹಾಕಿದ್ದಾಳೆ, ಕಾಣದಿದ್ದರೆ ಸುಮ್ಮನಿರಿ ಎಂದು ಗೊಣಗಿದಳು. ಅವನಿಗೆ ಕಂಡಿತ್ತು. ಅಂದು ಎಷ್ಟೋ ಸಲ ನೋಡಿದ.

ಸುಗ್ಗಿಯ ಹೊತ್ತಿಗೆ ಅದರಲ್ಲೂ ಗದ್ದ ಅವನಿಗೆ ಕಾಣದಾಯಿತು. ಅವಳು ಇನ್ನೂ ಸಣ್ಣದಾಗಿ ಬರೆದಳು. ಅಂಚೆ ಚೀಟಿಯಷ್ಟಾಯಿತು, ಹೆಬ್ಬೆರಳ ಉಗುರಿನಷ್ಟಾಯಿತು. ಕುಂಚದ ಕೂದಲು ಕತ್ತರಿಸುತ್ತ ಮೂರೇ ಉಳಿಸಿಕೊಂಡಿದ್ದಳು. ಈಗ ಭುಜವೂ ಬೇಡ, ಮಣಿಕಟ್ಟೂ ಬೇಡ. ಉಸಿರು ಹಿಡಿದಾಗ ಮಾತ್ರ ಕುಂಚ ಮುಟ್ಟಿಸಬೇಕು, ಎದೆ ಬಡಿದರೂ ಗೆರೆ ಸರಿಯುತ್ತದೆ. ಉಗುರಿನಷ್ಟರಲ್ಲಿ ಕಣ್ಣು ಎರಡು ಚುಕ್ಕೆ, ಬಾಯಿ ಒಂದು ಗೀರು. ಅದು ಶುಭಾಂಗಿ ಆಗಿರಲಿಲ್ಲ, ಯಾವುದೋ ಒಂದು ಹುಡುಗಿ. ಅವಳಿಗೂ ಗೊತ್ತಿತ್ತು. ಆದರೂ ಕೊಟ್ಟಳು.

ಅಂಬಾದಾಸ ಅದನ್ನು ಬೆಳಕಿಗೆ ಹಿಡಿದ. ಹತ್ತಿರ ತಂದ, ದೂರ ಒಯ್ದ, ತಿರುಗಿಸಿದ. ಮತ್ತೆ ತಿರುಗಿಸಿದ. ಕೊನೆಗೆ ಅವಳ ಅಂಗೈ ತಡಕಿ ಹುಡುಕಿ ಅದರಲ್ಲಿಟ್ಟ.

"ಇನ್ನ ಸಣ್ಣದು ಮಾಡಬ್ಯಾಡ ಬಾಳಾ. ನಿನ್ನ ಕಣ್ಣೂ ಹೋದಾವು."

ಅವಳು ಕುಂಚ ತೊಳೆದಿಟ್ಟಳು. ಮಳೆಗಾಲಕ್ಕೆ ಮುಂಚೆ ಹೊಸ್ತಿಲ ಬೆಳಕೂ ಅವನಿಗೆ ಇಲ್ಲವಾಯಿತು.

ಹೋದದ್ದು ಒಂದು ಗೋಡೆ, ಎರಡು ಕಣ್ಣು.