ಡ್ರ್ಯಾಗನ್ನಿಗೆ ಕಟ್ಟಿದ ಹಲ್ಲು

ಹಲ್ಲು ಕಟ್ಟುವವನಿಗೆ ಚಿತ್ರ ಬರೆಯುವ ಹುಚ್ಚು ಹಿಡಿದದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಆ ವಯಸ್ಸಿಗೆ ಹಿಡಿದ ಹುಚ್ಚು ಸುಲಭಕ್ಕೆ ಬಿಡುವುದಿಲ್ಲ. ವಾರವಿಡೀ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು, ಬಾಯಿಯ ಅಳತೆಗೆ ತೆಗೆದ ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣ ಹಚ್ಚಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವುದು ಅವನ ಕೆಲಸ. ಭಾನುವಾರ ಬಂತೆಂದರೆ ಬಣ್ಣದ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಲೈಬ್ರರಿಯ ಮಹಡಿಗೆ ಓಟ. ಅಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಅವನಂಥ ಹತ್ತು ಹನ್ನೆರಡು ಜನರನ್ನು ಕೂರಿಸಿಕೊಂಡು ತಾಳ್ಮೆಯಿಂದ ತಿದ್ದುತ್ತಿದ್ದರು.

ಮೂರು ವರ್ಷದಲ್ಲಿ ಅವನು ಬರೆದದ್ದು ರಾಶಿ, ನೆಟ್ಟಗೆ ಬಂದದ್ದು ಒಂದೂ ಇಲ್ಲ. ಕುದುರೆ ಬರೆದರೆ ಕತ್ತೆಯಾಯಿತು. ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಬರೆದ. ಅವಳು ಚಿತ್ರ ನೋಡಿ ಎರಡು ದಿನ ಮಾತು ಬಿಟ್ಟಳು. ವರ್ಷಕ್ಕೊಮ್ಮೆ ಎಲ್ಲರ ಚಿತ್ರಗಳನ್ನೂ ಲೈಬ್ರರಿಯ ಗೋಡೆಗೆ ತೂಗುಹಾಕಿ ಜನರನ್ನು ಕರೆಯುತ್ತಿದ್ದರು. ಅವನ ಚಿತ್ರಕ್ಕೆ ಸಿಗುತ್ತಿದ್ದದ್ದು ಬಾಗಿಲ ಹಿಂದಿನ ಜಾಗ. ಬಂದವರು ಬಾಗಿಲು ತೆರೆದರೆ ಮುಗಿಯಿತು, ಚಿತ್ರ ಕದದ ಹಿಂದೆ. ಯಾರಾದರೊಬ್ಬರು ಒಂದೇ ಒಂದು ಸಲ ತನ್ನ ಚಿತ್ರದ ಮುಂದೆ ನಿಂತು ನೋಡಲಿ ಎಂಬ ಆಸೆ ಅವನೊಳಗೆ ಕುದಿಯುತ್ತಿತ್ತು. ದೊಡ್ಡ ಆಸೆಯೇನಲ್ಲ, ಆದರೆ ಈಡೇರದ ಆಸೆ ಚಿಕ್ಕದಾದರೂ ಚುಚ್ಚುತ್ತದೆ.

ಈ ವರ್ಷ ಮೇಷ್ಟ್ರು ಎಲ್ಲರಿಗೂ ಡ್ರ್ಯಾಗನ್ ಬರೆಯಲು ಹೇಳಿದರು. ಕುದುರೆಯನ್ನಾದರೆ ಎಲ್ಲರೂ ನೋಡಿರುತ್ತಾರೆ, ಕಾಲು ಸೊಟ್ಟ, ಕಿವಿ ಉದ್ದ ಎಂದು ತಪ್ಪು ಹಿಡಿಯುತ್ತಾರೆ. ಡ್ರ್ಯಾಗನ್ನನ್ನು ಕಂಡವರು ಯಾರಿದ್ದಾರೆ? ಆನೆ ನಡೆದದ್ದೇ ದಾರಿ, ನೀವು ಬರೆದದ್ದೇ ಡ್ರ್ಯಾಗನ್ ಎಂದುಬಿಟ್ಟರು. ಪೆನ್ಸಿಲ್ ಹಿಡಿದರೆ ಬೆವರುತ್ತಿದ್ದವರಿಗೂ ಅಂದು ಧೈರ್ಯ ಬಂತು. ಆದರೆ ಹುಟ್ಟುಗುಣ ಎಲ್ಲಿಗೆ ಹೋದೀತು? ಬೇಕರಿಯವನ ಡ್ರ್ಯಾಗನ್ ಬನ್ನಿನ ಹಾಗೆ ಉಬ್ಬಿತು, ಹೊಲಿಗೆಯಮ್ಮನ ಡ್ರ್ಯಾಗನ್ನಿನ ರೆಕ್ಕೆಗೆ ಅಚ್ಚುಕಟ್ಟಾಗಿ ನೆರಿಗೆ ಬಿತ್ತು.

ನಮ್ಮವನಿಗೆ ಮೈ ಬಂತು, ಬಾಲ ಬಂತು, ರೆಕ್ಕೆಯೂ ಬಂತು. ಬಾಯಿ ಮಾತ್ರ ಬರಲಿಲ್ಲ. ಉಳಿದವರೆಲ್ಲ ಗರಗಸದಂತೆ ಮೂರು ಮೂಲೆಯ ಹಲ್ಲು ಎಳೆದು ಕೈ ತೊಳೆದುಕೊಂಡಿದ್ದರು. ಅವನಿಗೆ ಅದು ಒಪ್ಪಲಿಲ್ಲ. ಇಂಥ ಹಲ್ಲಿನಲ್ಲಿ ಆ ಪ್ರಾಣಿ ಅಗಿಯುವುದಾದರೂ ಹೇಗೆ? ಊರಿನ ಅರ್ಧ ಬಾಯಿಗಳಿಗೆ ಹಲ್ಲು ಕಟ್ಟಿದವನು ಡ್ರ್ಯಾಗನ್ನಿಗೆ ಕಟ್ಟಲಾರದೆ ಹೋದರೆ ನಗೆಪಾಟಲಲ್ಲವೇ?

ಮರುದಿನ ಕೆಲಸದ ಕೋಣೆಯಲ್ಲಿ ಕತ್ತೆತ್ತಿ ಕಪಾಟಿನ ಮೇಲೆ ನೋಡಿದ. ಕಟ್ಟಿದ ಹಲ್ಲಿನ ಸೆಟ್ ಕೊಟ್ಟ ದಿನವೇ ಅದರ ಅಚ್ಚನ್ನು ಒಡೆದು ಎಸೆಯುವುದು ಅಲ್ಲಿನ ಪದ್ಧತಿ. ಸೆಟ್ ಒಯ್ಯಲು ಬಾರದೇ ಹೋದವರ ಅಚ್ಚುಗಳು ಮಾತ್ರ ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದವು. ಅವುಗಳಲ್ಲಿ ಒಂದರ ಎಡಗಡೆಯ ಕೋರೆಹಲ್ಲು ಸಾಲು ಬಿಟ್ಟು ಅಡ್ಡಕ್ಕೆ ಹೊರಟಿತ್ತು. ಅದನ್ನು ಕೆಳಗಿಳಿಸಿ, ಮುಂದಿಟ್ಟುಕೊಂಡು ನೋಡಿ ನೋಡಿ ಬರೆದ. ತಳದಲ್ಲಿ ಗೀಚಿದ್ದ ಹೆಸರನ್ನು ಓದುವ ಗೋಜಿಗೇ ಹೋಗಲಿಲ್ಲ. ಹಲ್ಲು ಕೂತದ್ದೇ ತಡ, ಡ್ರ್ಯಾಗನ್ನಿಗೆ ಜೀವ ಬಂತು. ಬಾಯಿತುಂಬ ನಗುತ್ತ ಬೆಂಕಿ ಉಗುಳುವಂತೆ ಕಂಡಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಚಿತ್ರಕ್ಕೆ ಬಾಗಿಲ ಎದುರಿನ ಗೋಡೆ ಸಿಕ್ಕಿತು. ಆ ವಾರವೆಲ್ಲ ಅವನ ಕಾಲು ನೆಲಕ್ಕೆ ತಾಗಲಿಲ್ಲ.

ಪ್ರದರ್ಶನದ ಬೆಳಿಗ್ಗೆ ಹೆಂಡತಿ ಬಂದು ನೋಡಿದಳು. ನೋಡಿದವಳೇ ಅವನ ತೋಳು ಹಿಡಿದಳು.

"ರೀ, ಇದು ಸ್ಟೇಷನ್ ಮಾಸ್ಟರ್ ಹಲ್ಲಲ್ವಾ?"

ಅವನು ಚಿತ್ರದ ಹತ್ತಿರ ಬಾಗಿ ನೋಡಿದ. ಅವಳು ಹೇಳಿದ್ದು ನಿಜ. ಸ್ಟೇಷನ್ ಮಾಸ್ಟರು ಅವರ ಪಕ್ಕದ ಮನೆಯವರು. ಮಾತೆತ್ತಿದರೆ ಕೆಂಡ ಕಾರುವ ಮನುಷ್ಯ. ಅವರ ಗಂಟಲಿಗೆ ರೈಲೇ ಹೆದರಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತೆಂದು ಜನ ತಮಾಷೆ ಮಾಡುತ್ತಿದ್ದರು. ಹೋದ ವರ್ಷ ಬಿದ್ದುಹೋದ ದವಡೆ ಹಲ್ಲಿಗಾಗಿ ಅಳತೆ ಕೊಟ್ಟಿದ್ದರು. ಸೆಟ್ ತಯಾರಾಗುವ ಮೊದಲೇ ತೀರಿಕೊಂಡರು. ಸಾಲದ್ದಕ್ಕೆ, ಅವರ ಹೆಂಡತಿಯನ್ನು ಈ ದಿನ ಬರಲೇಬೇಕೆಂದು ಒತ್ತಾಯ ಮಾಡಿ ಕರೆದವಳೂ ಇವಳೇ.

ಸತ್ತವರನ್ನು ಮೃಗ ಮಾಡಿ ಗೋಡೆಗೆ ಹಾಕಿದ ಎಂದು ಆಕೆ ನೊಂದುಕೊಂಡರೆ, ಇನ್ನು ಬೀದಿಯಲ್ಲಿ ಹೇಗೆ ಮುಖ ತೋರಿಸುವುದು? ಮೂರು ವರ್ಷ ಆ ಗೋಡೆಗಾಗಿ ಬಾಯಿಬಿಟ್ಟುಕೊಂಡು ಕಾದವನು ಈಗ ಚಿತ್ರ ಇಳಿಸಿಬಿಡಿ ಎಂದು ಮೇಷ್ಟ್ರ ಹಿಂದೆ ಬಿದ್ದ. ಮೇಷ್ಟ್ರು ಅದನ್ನು ಸಂಕೋಚವೆಂದು ತಿಳಿದು ಬೆನ್ನು ತಟ್ಟಿದರು. ಅಷ್ಟರಲ್ಲಿ ಬಾಗಿಲಲ್ಲಿ ಆಕೆ ನಿಂತಿದ್ದರು.

ಬಾಗಿಲ ಎದುರೇ ಚಿತ್ರ. ಆಕೆ ಅತ್ತಿತ್ತ ನೋಡದೆ ಸೀದಾ ಹೋಗಿ ಅದರ ಮುಂದೆ ನಿಂತರು. ಅಲ್ಲಾಡಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಅಕ್ಕಾ, ತಪ್ಪಾಯ್ತು. ಅಚ್ಚು ಯಾರದು ಅಂತ ನೋಡ್ದೆ ಬರೆದ್ಬಿಟ್ಟೆ. ಈಗ್ಲೇ ತೆಗೀತೀನಿ."

"ಮುಟ್ಬೇಡ," ಎಂದರು ಆಕೆ.

ಚಿತ್ರದಿಂದ ಕಣ್ಣು ಕೀಳದೆ ಹೇಳತೊಡಗಿದರು. ಮನೆಯಲ್ಲಿ ಗಂಡನ ಫೋಟೋಗಳು ಹನ್ನೊಂದಿವೆಯಂತೆ, ಮದುವೆಯದೂ ಸೇರಿ. ಒಂದರಲ್ಲೂ ಬಾಯಿ ತೆರೆದಿಲ್ಲ. ಸೊಟ್ಟ ಹಲ್ಲು ಕಂಡೀತೆಂಬ ನಾಚಿಕೆ. ಕ್ಯಾಮೆರಾ ಕಂಡರೆ ಸಾಕು, ತುಟಿ ಬಿಗಿದು ನಿಲ್ಲುತ್ತಿದ್ದರಂತೆ.

"ನಮ್ಮನೆಯವರು ಬೈಯೋದನ್ನ ಊರೆಲ್ಲ ನೋಡಿದೆ ಕಣಪ್ಪ. ನಗೋದನ್ನ ನೋಡಿದ್ದು ನಾನೊಬ್ಬಳೇ. ಆ ಮುಖ ಮರ್ತೇ ಹೋಗ್ತಾ ಇತ್ತು."

ಆಕೆ ಒಂದು ಕುರ್ಚಿ ಕೇಳಿದರು. ಮೇಷ್ಟ್ರು ತಮ್ಮದನ್ನೇ ತಂದು ಚಿತ್ರದ ಮುಂದೆ ಹಾಕಿದರು. ಆಕೆ ಕೂತರು, ಬಂದವರೆಲ್ಲ ಬಳಸಿಕೊಂಡು ಹೋದರು. ಒಬ್ಬರು ನಿಂತು ನೋಡಿದರೆ ಸಾಕು ಎಂದುಕೊಂಡಿದ್ದವನ ಚಿತ್ರವನ್ನು ಒಬ್ಬರು ಮಧ್ಯಾಹ್ನವಿಡೀ ಕೂತು ನೋಡಿದರು.

ಲೈಬ್ರರಿ ಮುಚ್ಚುವ ಹೊತ್ತಿಗೆ ಆಕೆ ಅವನನ್ನು ಹತ್ತಿರ ಕರೆದರು.

"ಹಲ್ಲು ಸರಿಯಾಗಿದೆ. ಬೆಂಕಿ ಸಾಲದು. ಇನ್ನೂ ಸ್ವಲ್ಪ ಹಾಕು, ಆಮೇಲೆ ಮನೆಗೆ ತಗೊಂಡು ಹೋಗ್ತೀನಿ."

ಅವನು ಬಣ್ಣದ ಪೆಟ್ಟಿಗೆ ತೆರೆದು ಕೆಂಪು ಕಲಸಿದ. ಎಲ್ಲಿ ಎಷ್ಟು ಬೇಕೆಂದು ಆಕೆ ಕೂತಲ್ಲಿಂದಲೇ ಹೇಳುತ್ತ ಹೋದರು.