ಒಳ್ಳೆಯ ಪದ್ಯಕ್ಕೆ ನಿಲ್ಲಿಸುವುದು

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೂರನೆಯ ದಿನ ಅಮರೇಶಪ್ಪ ಅರ್ಧ ಸುಳ್ಳು ಹೇಳಿದ.

ಅಂದು ಭಾನುವಾರ. ಲಿಂಗಂಪಲ್ಲಿಯ ಬಾಡಿಗೆ ಮನೆಯ ಕೆಳಗಿನ ಕೋಣೆಯಲ್ಲಿ ಅವನು ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದ. ಮೇಲಿನ ಕೋಣೆಯ ಶಿವದೇವಿ ಆರೋಗ್ಯ ವಿಚಾರಿಸಲು ಬಂದಳು. ಹಿಮಾಯತ್‌ನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ರಿಪೋರ್ಟು ಟೈಪು ಮಾಡುವುದು ಅವಳ ಕೆಲಸ. ಕೈಯಲ್ಲಿ ಟ್ಯಾಬ್ ಇತ್ತು. ಜೊತೆಗೆ ಕೆಲಸ ಮಾಡುವ ಮೈಸೂರಿನ ಸಿಂಚನಾ ಅದರಲ್ಲಿ ಒಂದು ಕೊರಿಯಾ ಸಿನಿಮಾ ಹಾಕಿಕೊಟ್ಟಿದ್ದಳು.

“ಮಲಗಿ ಮಲಗಿ ಬ್ಯಾಸರ ಆಗಿರಬೇಕು. ಇದನ್ನ ನೋಡ್ರಿ. ಕೆಳಗ ಇಂಗ್ಲಿಷಿನ್ಯಾಗ ಅರ್ಥ ಬರ್ತೈತಿ.”

“ಕಣ್ಣು ಅಕ್ಷರ ಹಿಡಿಯಂಗಿಲ್ರಿ,” ಎಂದ ಅಮರೇಶಪ್ಪ.

ಕಣ್ಣು ಹಿಡಿಯುತ್ತಿರಲಿಲ್ಲ ಎಂಬುದು ನಿಜ. ಹಿಡಿದಿದ್ದರೂ ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಲಿಂಗಸುಗೂರಿನ ಕಡೆಯ ಹಳ್ಳಿಯಲ್ಲಿ ಏಳನೆಯ ಇಯತ್ತೆ ಮುಗಿಸಿ ಬಂದವನು ಇಪ್ಪತ್ತಾರು ವರ್ಷದಿಂದ ಕೋಠಿಯ ಬಟ್ಟೆ ಅಂಗಡಿಯಲ್ಲಿ ತೆಲುಗು, ಉರ್ದುಗಳಲ್ಲಿ ಗಿರಾಕಿಗಳೊಡನೆ ಮಾತಾಡಿಕೊಂಡಿದ್ದ. ಇಂಗ್ಲಿಷಿನಲ್ಲಿ ಗೊತ್ತಿದ್ದದ್ದು ಅಂಗಿಯ ಅಳತೆಯ ನಾಲ್ಕು ಅಕ್ಷರ. ಬಿ.ಎ. ಓದಿದ ಹೆಂಗಸಿನ ಮುಂದೆ ಅದನ್ನು ಹೇಳಲು ನಾಚಿಕೆಯಾಯಿತು.

“ಹಂಗಾರ ನಾ ಓದಿ ಹೇಳ್ತೀನಿ,” ಎಂದಳು ಶಿವದೇವಿ. “ಹೊಸ ಕನ್ನಡಕ ಬರೂತನ.”

ಕನ್ನಡಕಕ್ಕೆ ಡಾಕ್ಟರು ಆರು ವಾರ ಹೇಳಿದ್ದರು.

ಬಾಗಿಲು ತೆರೆದಿಟ್ಟು, ಸ್ಟೂಲಿನ ಮೇಲೆ ಟ್ಯಾಬ್ ನಿಲ್ಲಿಸಿ ಇಬ್ಬರೂ ಕುಳಿತರು. ಮನೆಯೊಡತಿ ಗುಣವತಿ ಬೆಳ್ಳುಳ್ಳಿ ಸುಲಿಯುತ್ತ ಹೊಸ್ತಿಲಲ್ಲಿ ಕುಳಿತಳು. ಸಿನಿಮಾದಲ್ಲಿ ಲಿಫ್ಟು ರಿಪೇರಿ ಮಾಡುವವನೊಬ್ಬ, ಶಾಲೆಯ ಅಡುಗೆಮನೆಯಲ್ಲಿ ಅನ್ನ ಬಡಿಸುವವಳೊಬ್ಬಳು. ಇಬ್ಬರೂ ರಾತ್ರಿ ಒಂದೇ ಖಾನಾವಳಿಯಲ್ಲಿ ಬೇರೆ ಬೇರೆ ಮೇಜಿಗೆ ಕುಳಿತು ಸಾರು ಕುಡಿಯುತ್ತಾರೆ, ಎದ್ದು ಹೋಗುತ್ತಾರೆ.

ಶಿವದೇವಿ ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳುವಳು. ಅಮರೇಶಪ್ಪ “ಹ್ಞೂಂ” ಅನ್ನುವನು. ಅದು ಅವನಿಗೆ ಅಜ್ಜನ ಮನೆಯಿಂದ ಬಂದ ರೂಢಿ. ಶ್ರಾವಣದಲ್ಲಿ ಅಲ್ಲಿ ತಿಂಗಳಿಡೀ ಪುರಾಣ ನಡೆಯುತ್ತಿತ್ತು. ಒಬ್ಬರು ಪದ್ಯ ಹಾಡುವುದು, ಒಬ್ಬರು ಅರ್ಥ ಹೇಳುವುದು, ಒಬ್ಬರು ಹ್ಞೂಂಗುಟ್ಟುವುದು. ಹ್ಞೂಂ ಅನ್ನುವವನಿಲ್ಲದಿದ್ದರೆ ಓದುವವನ ದನಿ ಎಲ್ಲಿ ಹೋಗಿ ಕೂತುಕೊಳ್ಳಬೇಕು ಎಂದು ಅಜ್ಜ ಕೇಳುತ್ತಿದ್ದ. ಏಳನೆಯ ವಯಸ್ಸಿನಿಂದ ಆ ಕೆಲಸ ಅಮರೇಶಪ್ಪನದು.

“ಲಿಫ್ಟಿನಂವ ಈಗೇನಂದ?” ಎಂದ ಅಮರೇಶಪ್ಪ.

“ಏನೂ ಅನ್ಲಿಲ್ಲ.”

“ಇಷ್ಟೊತ್ತನ?”

“ಸುಮ್ಮನ ಕುಂತಾನ್ರಿ. ಆಕಿನೂ ಸುಮ್ಮನ ಕುಂತಾಳ.”

“ಇದೇನ್ ಸಿನಿಮಾನೋ,” ಎಂದಳು ಗುಣವತಿ. “ಬ್ಯಾಂಕಿನ್ಯಾಗ ನಂಬರ್ ಬರೂತನ ಕುಂತಂಗ ಐತಿ.”

ಇಪ್ಪತ್ತು ನಿಮಿಷಕ್ಕೆ ಶಿವದೇವಿ ಟ್ಯಾಬ್ ನಿಲ್ಲಿಸಿದಳು. ಲಿಫ್ಟಿನವನು ಆಗಷ್ಟೇ ಅವ್ವನ ಪಟದ ಮುಂದೆ ಕುಳಿತು ಅತ್ತಿದ್ದ.

“ಇಲ್ಲಿಗೆ ಬಿಡಬಾರದ್ರಿ,” ಎಂದ ಅಮರೇಶಪ್ಪ. “ಅಳೂ ಪದ್ಯಕ್ಕ ಪುಸ್ತಕ ಮುಚ್ಚಬಾರದು. ಮದುವಿ, ತೊಟ್ಟಿಲು, ಅಗಲಿದಾವ್ರು ಕೂಡಿದ್ದು, ಇಂಥಾ ಪದ್ಯ ನೋಡಿ ನಿಲ್ಲಿಸಬೇಕು.”

“ಇದು ಪುರಾಣ ಅಲ್ರಿ.”

“ಓದಿದ್ದೆಲ್ಲಾ ಒಂದ.”

ಒಳ್ಳೆಯ ಪದ್ಯ ಸಿಕ್ಕಲು ಇನ್ನೂ ಹದಿನೈದು ನಿಮಿಷ ಬೇಕಾಯಿತು. ಅದೂ ಏನಿಲ್ಲ, ಅಡುಗೆಯವಳ ಮುರಿದ ಛತ್ರಿಯನ್ನು ಅವನು ತಂತಿ ಕಟ್ಟಿ ಸರಿಮಾಡಿಕೊಟ್ಟ. ಶಿವದೇವಿ ಅಲ್ಲಿಗೆ ನಿಲ್ಲಿಸಿದಳು. ಮರುದಿನ ಲ್ಯಾಬಿನಲ್ಲಿ ಸಿಂಚನಾಗೆ ಇದನ್ನು ಹೇಳಿ ನಕ್ಕಳಂತೆ.

ಹೀಗೆ ಒಳ್ಳೆಯ ಪದ್ಯ ಹುಡುಕಿ ಮತ್ತೆ ಮತ್ತೆ ಹಿಂದೆ ಹೋಗುತ್ತ, ಒಂದೊಂದು ವಾರ ಐದೇ ನಿಮಿಷಕ್ಕೆ ನಿಲ್ಲುತ್ತ ಸಿನಿಮಾ ನಡೆಯಿತು. ಮೂರನೆಯ ಭಾನುವಾರ ಶಿವದೇವಿ ಚಹಾ ಕುಡಿಯುತ್ತ, ವಾರವಿಡೀ ತಾನು ಬಾಯ್ತುಂಬ ತಮ್ಮ ಕಡೆಯ ಕನ್ನಡ ಆಡುವುದು ಇದೊಂದು ತಾಸು ಎಂದಳು. ದೂರಿನ ದನಿಯಲ್ಲಿ ಹೇಳಲಿಲ್ಲ. ನಲವತ್ಮೂರರ ಅವಳಿಗೆ ಮದುವೆ ಕೂಡಿಬಂದಿರಲಿಲ್ಲ. ಊರಿನವರು ಕೇಳುವುದನ್ನೂ ಬಿಟ್ಟಿದ್ದರು. ಅಮರೇಶಪ್ಪನ ಹೆಂಡತಿ ತೀರಿ ಒಂಬತ್ತು ವರ್ಷ. ಆ ರಾತ್ರಿ ಅವನು ಅನ್ನಕ್ಕೆ ಇಡುವಾಗ ವಾರಗಳನ್ನು ಎಣಿಸಿದ. ಮೂರು ಉಳಿದಿದ್ದವು. ಕನ್ನಡಕ ಬಂದ ಮೇಲೆ ಅವಳು ಕೆಳಗಿಳಿದು ಬರಲು ಕಾರಣವೇನು ಉಳಿಯುತ್ತದೆ ಎಂದು ಯೋಚಿಸಿದ.

ಆರನೆಯ ವಾರದ ಶನಿವಾರ ಕನ್ನಡಕ ಬಂತು. ಅದನ್ನು ದೇವರ ಜಗಲಿಯ ಮೇಲೆ ವಿಭೂತಿ ಡಬ್ಬಿಯ ಹಿಂದೆ ಇಟ್ಟ. ದೇವರ ಹಿಂದೆ ಬಚ್ಚಿಟ್ಟದ್ದು ಒಳ್ಳೆಯದಲ್ಲ ಅನ್ನಿಸಿತು, ಆದರೂ ತೆಗೆಯಲಿಲ್ಲ.

ಭಾನುವಾರ ಗುಣವತಿ ಬುಟ್ಟಿ ಹಿಡಿದು ಕೂರುತ್ತಲೇ, “ನಿನ್ನಿ ಕನ್ನಡಕ ತಂದ್ರಲ್ಲಾ, ಹಾಕ್ಕೋರಿ ಮತ್ತ,” ಎಂದಳು. “ಕೂಸಿನಂಗ ಎಷ್ಟು ದಿನ ಓದಿಸಿಕೋತೀರಿ?”

“ಬಂತೇನ್ರಿ?” ಶಿವದೇವಿ ಅವನತ್ತ ತಿರುಗಿದಳು. “ಹೇಳಲೇ ಇಲ್ಲ. ಹಂಗಾರ ಇವತ್ತು ನನ್ನ ಗಂಟಲಕ್ಕ ರಜಾ. ನೀವೇ ಓದ್ಕೋರಿ.”

ಅವನು ಕನ್ನಡಕ ತಂದು ಹಾಕಿಕೊಂಡ. ಶಿವದೇವಿಯ ಹಣೆಯ ಪಕ್ಕ ಕೂದಲು ನೆರೆತಿದ್ದು ಮೊದಲ ಸಲ ಕಾಣಿಸಿತು. ಆಮೇಲೆ ಟ್ಯಾಬಿನ ಕೆಳಗಿನ ಅಕ್ಷರಗಳು ಕಾಣಿಸಿದವು. ಒಂದೊಂದೂ ಸ್ಪಷ್ಟವಾಗಿತ್ತು.

ಕೊನೆಯ ಇಪ್ಪತ್ತು ನಿಮಿಷ. ಅಡುಗೆಯವಳಿಗೆ ಬೇರೆ ಊರಿನ ಶಾಲೆಗೆ ವರ್ಗವಾಗಿತ್ತು. ಅದು ಹಿಂದಿನ ವಾರದ ಕಥೆ. ಈಗ ಇಬ್ಬರೂ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಅವಳು ಏನೋ ಹೇಳಿದಳು. ಅಕ್ಷರಗಳು ಬಂದವು, ಹೋದವು. ಕೋಣೆಯಲ್ಲಿ ಯಾರೂ ಓದಲಿಲ್ಲ.

“ಹ್ಞೂಂ,” ಎಂದ ಅಮರೇಶಪ್ಪ.

ಬಾಯಿಂದ ತಾನಾಗಿ ಬಂದುಬಿಟ್ಟಿತ್ತು. ಶಿವದೇವಿ ಟ್ಯಾಬ್ ಬಿಟ್ಟು ಅವನನ್ನು ನೋಡಿದಳು.

“ಏನಂದ್ಲು ಆಕಿ?”

ಏನಾದರೂ ಹೇಳಬಹುದಿತ್ತು. ಬಸ್ ಸ್ಟಾಪಿನಲ್ಲಿ ಅಗಲುವವರು ಆಡುವ ಮಾತು ಅವನಿಗೆ ಗೊತ್ತಿರದ್ದೇನಲ್ಲ. ಆದರೆ ಗೊತ್ತಿಲ್ಲದ ಪದ್ಯಕ್ಕೆ ಅರ್ಥ ಕಟ್ಟಿ ಹೇಳಿದವನನ್ನು ಅಜ್ಜ ಸಭೆಯಿಂದ ಎಬ್ಬಿಸಿ ಕಳಿಸಿದ್ದನ್ನು ಅವನು ಕಂಡಿದ್ದ.

“ಗೊತ್ತಿಲ್ರಿ. ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ. ಮೊದಲಿಂದನೂ.”

ಶಿವದೇವಿ ಸಿನಿಮಾ ನಿಲ್ಲಿಸಿದಳು. ಗುಣವತಿಯ ಕೈಯ ಬೆಳ್ಳುಳ್ಳಿಯೂ ನಿಂತಿತು.

“ಮತ್ತ ಕಣ್ಣು ಅಂದ್ರಿ?”

“ಕಣ್ಣೂ ಇತ್ತು.”

“ಆರು ವಾರ. ನಾ ನಿಮ್ಮ ಕಣ್ಣಿಗಂತ ಅರಬೀ ಒಗಿಯೂದು ಬಿಟ್ಟು ಬಂದೀನಿ.”

“ಹೌದ್ರಿ. ನಂದು ತಪ್ಪು. ಓದಾಕ ಬರಂಗಿಲ್ಲ ಅನ್ನಾಕ ಮೊದಲ ನಾಚಿಕಿ ಆತು. ಆಮ್ಯಾಲ, ಕನ್ನಡಕ ಬಂದ್ರ ನೀವು ಬರೂದು ನಿಂತೀತು ಅಂತ ಅಂಜಿಕಿ ಆತು. ಅದಕ್ಕ ಅದನ್ನ ಆ ಡಬ್ಬಿ ಹಿಂದ ಇಟ್ಟಿದ್ದೆ.”

ಇಷ್ಟುದ್ದ ಅವನು ಎಂದೂ ಮಾತಾಡಿದವನಲ್ಲ. ಶಿವದೇವಿ ಜಗಲಿಯತ್ತ ನೋಡಿದಳು. ನಗಲಿಲ್ಲ. ಸೀರೆಯ ಅಂಚು ನೇರ ಮಾಡಿದಳು. ಆಮೇಲೆ ಟ್ಯಾಬನ್ನು ತನ್ನ ಕಡೆ ತಿರುಗಿಸಿಕೊಂಡು ಸಿನಿಮಾವನ್ನು ಸ್ವಲ್ಪ ಹಿಂದಕ್ಕೆ ಸರಿಸಿದಳು.

“ಆಕಿ ಅಂತಾಳ, ಬಸ್ಸು ಬಂತು.”

“ಇಷ್ಟನ?”

“ಇಷ್ಟನ.”

“ಹ್ಞೂಂ.”

ಬಸ್ಸು ಹೋಯಿತು. ಲಿಫ್ಟಿನವನು ಸ್ಟಾಪಿನಲ್ಲೇ ಉಳಿದ. ಪರದೆ ಕಪ್ಪಾಗಿ ಹೆಸರುಗಳು ಬರತೊಡಗಿದವು. ಶಿವದೇವಿ ಟ್ಯಾಬ್ ಮುಚ್ಚಲು ಕೈ ಚಾಚಿದಳು. ಅರ್ಧಕ್ಕೆ ನಿಲ್ಲಿಸಿ ಅಮರೇಶಪ್ಪನನ್ನು ನೋಡಿದಳು.

“ಇಲ್ಲಿಗೆ ಬಿಡಬಾರದು ಅಲ್ರಿ?”

“ಬಿಡಬಾರದ್ರಿ.”

“ಮುಗದ ಹೋತಲ್ಲವಾ,” ಎಂದಳು ಗುಣವತಿ. “ಇನ್ನೆಲ್ಲಿಂದ ತರ್ತೀರಿ?”

“ಮುಗಿದ್ರ ಮೊದಲಿನ ಪದ್ಯ ಇನ್ನೊಮ್ಮೆ ಓದಿ ಏಳಬೇಕ್ರಿ ಅಕ್ಕಾರ,” ಎಂದ ಅಮರೇಶಪ್ಪ. “ಮಂಗಳದ ಮ್ಯಾಲ ಹಂಗ ಎದ್ದರ ಪುರಾಣ ನಿಂತಂಗ ಆಗ್ತೈತಿ.”

ಶಿವದೇವಿ ಮೊದಲಿಗೆ ಹೋದಳು. ಖಾನಾವಳಿ, ಎರಡು ಮೇಜು, ಎರಡು ಬಟ್ಟಲು.

“ಅಂವ ಅಂತಾನ, ಒಂದು ಸಾರು ಕೊಡ್ರಿ.”

“ಹ್ಞೂಂ.”

“ಆಕಿನೂ ಅಂತಾಳ, ಒಂದು ಸಾರು ಕೊಡ್ರಿ.”

“ಹ್ಞೂಂ.”

ಅಲ್ಲಿಗೆ ನಿಲ್ಲಿಸಿ ಎದ್ದಳು. ಹೊಸ್ತಿಲಲ್ಲಿ ಗುಣವತಿಯ ಬುಟ್ಟಿ ದಾಟಿ, ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದಳು:

“ಸಿಂಚನಾ ಕಡೆ ಇನ್ನೊಂದು ಐತಂತ. ಇದಕ್ಕಿಂತ ನಿಧಾನಂತ.”

“ಎಷ್ಟು ವಾರದ್ದ್ರಿ?”

“ನೋಡೂಣಂತ. ಬರೂ ಭಾನುವಾರ ಮುಂಜಾನೆ ಅರಬೀ ಒಗದು ಬರ್ತೀನಿ, ತಡಾ ಆಗ್ತೈತಿ. ಚಹಾ ನೀವ ಮಾಡಿಡ್ರಿ.”

“ನನಗೂ ಒಂದು ಕಪ್ಪು,” ಎಂದಳು ಗುಣವತಿ.