ರೊವೀನಾ ಒಪ್ಪದ ಅರ್ಜಿ

೧

ಹೇಗೆ ಶುರುಮಾಡಲಿ? ‘ರೊವೀನಾ ಕಾಡಿಲ್ ಗುಣವಾಗಿದ್ದಾಳೆ’ ಎಂದೇ? ಅನುದಾನ ಕೊಡುವ ವಾಷಿಂಗ್ಟನ್ನಿನವರಿಗೆ ಇಂಥ ವಾಕ್ಯ ಇಷ್ಟ. (ನನಗೂ ಇಷ್ಟ. ಬೇರೆ ಬೇರೆ ಹೆಸರಿಟ್ಟು ಎಷ್ಟೋ ಸಲ ಬರೆದಿದ್ದೇನೆ.)

ಕೆಂಟಕಿಯ ಈ ಗುಡ್ಡಗಳ ನಡುವೆ, ನಶೆಗೆ ಬಿದ್ದವರನ್ನು ಜೈಲಿಗೆ ಕಳಿಸದೆ ಚಿಕಿತ್ಸೆಗೆ ಹಚ್ಚುವ ಕೋರ್ಟೊಂದಿದೆ. ಅದರ ಕಚೇರಿ ನೋಡಿಕೊಳ್ಳುವವಳು ನಾನು, ಡೆಲ್ಲಾ. ಸರ್ಕಾರದ ಅನುದಾನ ಸೆಪ್ಟೆಂಬರಿಗೆ ಮುಗಿಯುತ್ತದೆ. ಮತ್ತೆ ಸಿಗದಿದ್ದರೆ ಬಾಗಿಲು ಮುಚ್ಚಬೇಕು. ಅರ್ಜಿಯ ಜೊತೆ ನಶೆಯನ್ನು ಗೆದ್ದವರೊಬ್ಬರ ಕಥೆ ಇಡಬೇಕು. ಶುಕ್ರವಾರ ಕೊನೆಯ ದಿನ. ಅಂದೇ ರೊವೀನಾಳಿಗೆ ಚಿಕಿತ್ಸೆ ಮುಗಿದ ಪ್ರಮಾಣಪತ್ರ, ಕೋರ್ಟಿನಿಂದ ಬಿಡುಗಡೆ.

೨ (ಮೊದಲ ಕರಡು, ಹರಿದದ್ದು)

‘ಆಸ್ಪತ್ರೆಯ ಬಟ್ಟೆ ಒಗೆಯುವ ರೊವೀನಾ ಬೆನ್ನುನೋವಿನ ಮಾತ್ರೆಗೆ ದಾಸಿಯಾದಳು. ಈಗ ಹದಿನಾಲ್ಕು ತಿಂಗಳಿಂದ ಮುಟ್ಟಿಲ್ಲ. ಮಗಳು ಮನೆಗೆ ಮರಳಿದ್ದಾಳೆ.’

ಬುಧವಾರ ನನ್ನ ಮೇಜಿನೆದುರು ಕೂತು ಅವಳೇ ಓದಿದಳು.

“ಇವಳ್ಯಾರೇ? ದಾರೀಲಿ ಎದುರಾದ್ರೂ ನಂಗೆ ಗುರುತು ಸಿಗಲ್ಲ.”

“ಸ್ವಲ್ಪ ಒಪ್ಪ ಮಾಡಿದೀನಿ.”

“ಹೆಣಕ್ಕೆ ಸಿಂಗಾರ ಮಾಡ್ತಾರಲ್ಲ, ಹಂಗೆ.”

ನಕ್ಕೆವು. ಆಮೇಲೆ ಅವಳು ಕಾಫಿ ಕೆಳಗಿಟ್ಟಳು. “ಭಾನುವಾರ ತಗೊಂಡೆ, ಡೆಲ್ಲಾ. ಎರಡು ಮಾತ್ರೆ. ಬೆನ್ನೇನೂ ನೋಯ್ತಿರ್ಲಿಲ್ಲ. ಬಿಡುಗಡೆ ಅಂದ್ರೆ ಭಯ ಆಯ್ತು.”

(ಓದುಗರೇ, ನನಗೆ ಮೊದಲು ನೆನಪಾದದ್ದು ಅವಳ ಪ್ರಾಣವಲ್ಲ, ಅರ್ಜಿ. ಈ ಸಾಲನ್ನು ಅಳಿಸಿ ಅಳಿಸಿ ಮತ್ತೆ ಬರೆದಿದ್ದೇನೆ.)

೩

ಅಂತ್ಯ ಒಂದು: ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ಅವಳಿಗೆ ಪ್ರಮಾಣಪತ್ರ, ನಮಗೆ ಅನುದಾನ.

ಅಂತ್ಯ ಎರಡು: ಅದೇ. ಆದರೆ ತಿಂಗಳೊಳಗೆ ಅವಳ ಮಗಳು ಅಳುತ್ತ ನನಗೆ ಫೋನ್ ಮಾಡುತ್ತಾಳೆ.

ಎರಡನ್ನೂ ರೊವೀನಾ ಒಪ್ಪಲಿಲ್ಲ. “ಜಡ್ಜ್‌ಗೆ ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ ಸಾಕು. ಅಳಬೇಡ ಮಾರಾಯ್ತಿ, ನಿಂಗೆ ಒಪ್ಪಲ್ಲ.”

೪

ಶುಕ್ರವಾರ ಹೇಳಿದಳು. ಜಡ್ಜ್ ಸ್ಟಿಡಮ್ ಕನ್ನಡಕ ತೆಗೆದರು.

“ಯಾರೂ ಕೇಳ್ದೆ ಯಾಕೆ ಹೇಳಿದ್ರಮ್ಮಾ?”

“ಇಲ್ಲಿ ಹೇಳ್ಬೋದು ಸಾರ್. ಬೇರೆ ಕೋರ್ಟಲ್ಲಿ ಹೇಳಿದ್ರೆ ಜೈಲು, ಅಲ್ಲಿಗೇ ಮುಗೀತು.”

ಪ್ರಮಾಣಪತ್ರವನ್ನು ಅವರು ಫೈಲಿನೊಳಗೆ ವಾಪಸ್ಸಿಟ್ಟರು. ಇನ್ನೂ ಮೂರು ತಿಂಗಳು ಚಿಕಿತ್ಸೆ. ಸೋಮವಾರ ಮೂತ್ರಪರೀಕ್ಷೆ. ಜೈಲಿಲ್ಲ.

ಹಿಂದಿನ ಬೆಂಚಿನಲ್ಲಿದ್ದ ಮಗಳು ಎದ್ದು ಹೊರಟೇಹೋದಳು. ರೊವೀನಾ ತಲೆಯೆತ್ತಲಿಲ್ಲ. ನಾವು ಹೊರಗೆ ಬಂದಾಗ ಮಗಳು ತನ್ನ ಪಿಕಪ್ ಗಾಡಿ ಚಾಲೂ ಮಾಡಿ, ಅಮ್ಮನ ಕಡೆಯ ಬಾಗಿಲು ತೆರೆದು ಕಾಯುತ್ತಿದ್ದಳು.

೫

ಐದು ಗಂಟೆಯೊಳಗೆ ಅರ್ಜಿ ಕಳಿಸಿದೆ, ರೊವೀನಾಳ ಒಪ್ಪಿಗೆ ಪಡೆದು, ಭಾನುವಾರವನ್ನೂ ಸೇರಿಸಿ. ಉತ್ತರ ಬಂದಿಲ್ಲ. ಕೋರ್ಟು ಉಳಿಯುತ್ತದೋ ಗೊತ್ತಿಲ್ಲ.

“ಕಡೇಗೆ ಏನಾಯ್ತು ಅಂತ ಬರ್ದೆ?” ಅಂದು ರಾತ್ರಿ ರೊವೀನಾ ಫೋನಿನಲ್ಲಿ ಕೇಳಿದಳು.

“ಏನೂ ಬರೀಲಿಲ್ಲ.”

“ಒಳ್ಳೇದಾಯ್ತು. ಸೋಮವಾರ ಪರೀಕ್ಷೆಗೆ ಬರ್ತೀನಿ. ಆಮೇಲೆ ಮಂಗಳವಾರ ಅಂತ ಒಂದಿದೆ, ಅದನ್ನೂ ದಾಟ್ಬೇಕು.”